ಗೆಲಾಕ್ಸಿಯ ನಡುವಿನ ರಾಗಿಕಾಳು

ಮೇ ತಿಂಗಳ ನಡುಭಾಗದಲ್ಲಿ, ರಾತ್ರಿ ಸುಮಾರು ಒಂಬತ್ತೂಕಾಲರ ಹೊತ್ತಿಗೆ, ದಕ್ಷಿಣ ಬೆಂಗಳೂರಿನ ಪುಟ್ಟೇನಹಳ್ಳಿಯಲ್ಲಿ ಯಾವುದಾದರೂ ಮನೆಯ ತಾರಸಿಯ ಮೇಲೆ ಅಂಗಾತ ಮಲಗಿ ನೇರ ಮೇಲಕ್ಕೆ ನೋಡಿ. ನೆತ್ತಿಯಿಂದ ತುಸು ಪಶ್ಚಿಮಕ್ಕೆ ಉತ್ತರೆ, ಪೂರ್ವಕ್ಕೆ ಕಿತ್ತಳೆ ಛಾಯೆಯ ಸ್ವಾತಿ, ಆಗ್ನೇಯಕ್ಕೆ ಚಿತ್ತೆ ಕಾಣುತ್ತವೆ. ನಮ್ಮ ರೈತರು ಮಳೆಯ ಹೆಸರುಗಳಾಗಿ ಬಲ್ಲ ನಕ್ಷತ್ರಗಳು ಇವು. ಆದರೆ ನಟ್ಟ ನೆತ್ತಿಯ ಜಾಗ ಖಾಲಿ. ಕೆಳಗಿನ ಬೀದಿದೀಪಗಳ ಬೆಳಕಿನಲ್ಲಿ ಅದು ಇನ್ನಷ್ಟು ಖಾಲಿಯಾಗಿ ತೋರುತ್ತದೆ.

ಖಾಲಿಯಲ್ಲ. ಪುಟ್ಟೇನಹಳ್ಳಿಯ ಅಕ್ಷಾಂಶ ಸುಮಾರು 12.9 ಡಿಗ್ರಿ ಉತ್ತರ. ಕನ್ಯಾ ರಾಶಿಯಲ್ಲಿರುವ ಎಂ-87 ಎಂಬ ದೈತ್ಯ ಗೆಲಾಕ್ಸಿ ಆಕಾಶದಲ್ಲಿ ಹೆಚ್ಚುಕಡಿಮೆ ಅದೇ ಅಳತೆಯ ಗೆರೆಯ ಮೇಲೆ ಸಾಗುತ್ತದೆ. ಹೀಗಾಗಿ ಆ ಹೊತ್ತಿಗೆ ಅದು ನಿಮ್ಮ ನೆತ್ತಿಯಿಂದ ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಸ್ವಲ್ಪವೇ ಆಚೆ, ದಕ್ಷಿಣಕ್ಕಿರುತ್ತದೆ. ಅದರ ದೂರ ಸುಮಾರು 5.5 ಕೋಟಿ ಜ್ಯೋತಿರ್ವರ್ಷ. ಇಂದು ರಾತ್ರಿ ನಮ್ಮನ್ನು ಮುಟ್ಟುವ ಬೆಳಕು ಅಲ್ಲಿಂದ ಹೊರಟಾಗ ಹಿಮಾಲಯ ಇನ್ನೂ ತಲೆಯೆತ್ತಿರಲಿಲ್ಲ.

ಅಮೆರಿಕದ ಲಿಕ್ ವೀಕ್ಷಣಾಲಯದ ಹೀಬರ್ ಕರ್ಟಿಸ್ 1918ರಲ್ಲಿ ಈ ಎಂ-87ರ ಛಾಯಾಚಿತ್ರವನ್ನು ಪರಿಶೀಲಿಸುವಾಗ ಅದರ ಕೇಂದ್ರದಿಂದ ಹೊರಟ ಒಂದು ವಿಚಿತ್ರವಾದ ನೇರ ಕಿರಣವನ್ನು ಕಂಡರು. ಅದೇನೆಂದು ಆಗ ಯಾರೂ ಹೇಳಬಲ್ಲವರಾಗಿರಲಿಲ್ಲ. ಬೆಳಕಿನದಕ್ಕೆ ಹತ್ತಿರದ ವೇಗದಲ್ಲಿ ಚಿಮ್ಮುತ್ತಿರುವ ಕಣಗಳ ಚಿಲುಮೆ ಅದು ಎಂದು ಇಂದು ಗೊತ್ತಿದೆ. ಚಿಲುಮೆಯ ಬುಡದಲ್ಲಿರುವುದು ಒಂದು ಕೃಷ್ಣವಿವರ. ಸೂರ್ಯನ 650 ಕೋಟಿ ಪಟ್ಟು ತೂಕದ್ದು. ಭೂಮಿಯ ಬೇರೆ ಬೇರೆ ಕಡೆಗಳ ರೇಡಿಯೋ ದೂರದರ್ಶಕಗಳನ್ನು ಒಂದಾಗಿ ಕೂಡಿಸಿ ತೆಗೆದ ಅದರ ನೆರಳಿನ ಚಿತ್ರ 2019ರ ಏಪ್ರಿಲ್ 10ರಂದು ಪ್ರಕಟವಾಯಿತು. ಕಪ್ಪು ನಡುವಿನ ಸುತ್ತ ಕಿತ್ತಳೆ ಬಣ್ಣದ ಬಳೆಯಿದ್ದ ಆ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬೇಕು.

ಇಷ್ಟು ತೂಕದ ವಸ್ತುವಿನ ಗಾತ್ರವೆಷ್ಟು? ಎಂ-87 ಗೆಲಾಕ್ಸಿಯನ್ನು ಕುಗ್ಗಿಸಿ ಯಲಹಂಕದಿಂದ ಬನ್ನೇರುಘಟ್ಟದವರೆಗಿನ ಬೆಂಗಳೂರಿನಷ್ಟು ಮಾಡಿದೆವೆಂದು ಭಾವಿಸಿ. ಆಗ ಅದರ ಕೃಷ್ಣವಿವರದ ಅಡ್ಡಳತೆ ಸುಮಾರು ಒಂದು ಮಿಲಿಮೀಟರ್. ಎಂದರೆ ಒಂದು ರಾಗಿಕಾಳು. ಇಡೀ ಊರಿನ ನಡುವೆ ಎಲ್ಲೋ ಬಿದ್ದಿರುವ ಒಂದು ರಾಗಿಕಾಳು ಊರಿನಲ್ಲಿ ಇನ್ನು ಮುಂದೆ ಹೊಸ ಮನೆ ಏಳಬೇಕೇ ಬೇಡವೇ ಎಂದು ತೀರ್ಮಾನಿಸುತ್ತದೆ ಎಂದರೆ ನಂಬುತ್ತೀರಾ? ಕ್ರಿಯಾಶೀಲ ಗೆಲಾಕ್ಸಿ ಕೇಂದ್ರಗಳನ್ನು ಅಭ್ಯಸಿಸುವವರು ಗಂಭೀರವಾಗಿ ಕೇಳುತ್ತಿರುವ ಪ್ರಶ್ನೆ ಹೆಚ್ಚುಕಡಿಮೆ ಇದೇ. ಈ ಪ್ರಶ್ನೆಯ ಮೇಲೆ ಕೆಲಸ ಮಾಡುತ್ತಿರುವ ಒಂದು ಮುಖ್ಯ ತಾಣ ಪುಟ್ಟೇನಹಳ್ಳಿಗೆ ಹತ್ತು ಕಿಲೋಮೀಟರಿನ ಒಳಗೇ, ಕೋರಮಂಗಲದಲ್ಲಿದೆ: ಭಾರತೀಯ ಖಭೌತ ಸಂಸ್ಥೆ.

ಮೊದಲು ಕ್ರಿಯಾಶೀಲ ಎಂಬ ಮಾತು. 1943ರಲ್ಲಿ ಕಾರ್ಲ್ ಸೀಫರ್ಟ್ ಎಂಬ ಖಗೋಳವಿಜ್ಞಾನಿ ಆರು ಗೆಲಾಕ್ಸಿಗಳ ಕೇಂದ್ರಗಳಿಂದ ಬರುವ ಬೆಳಕನ್ನು ಬಿಡಿಸಿ ನೋಡಿದರು. ರೋಹಿತದ ರೇಖೆಗಳು ಸಪೂರವಾಗಿರದೆ ಅಗಲವಾಗಿ ಹರಡಿಕೊಂಡಿದ್ದವು. ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ, ಕೆಲವು ಕಡೆ ನಮ್ಮತ್ತ, ಕೆಲವು ಕಡೆ ನಮ್ಮಿಂದ ಆಚೆಗೆ ಸುತ್ತುತ್ತಿದ್ದರೆ ಮಾತ್ರ ಹಾಗಾಗಲು ಸಾಧ್ಯ. ಇಪ್ಪತ್ತು ವರ್ಷಗಳ ಮೇಲೆ, 1963ರಲ್ಲಿ, ಮಾರ್ಟೆನ್ ಸ್ಮಿಟ್ 3ಸಿ 273 ಎಂಬ ನಕ್ಷತ್ರದಂಥ ಚುಕ್ಕೆ ನಕ್ಷತ್ರವೇ ಅಲ್ಲ, ಇನ್ನೂರು ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆಗಿನ ವಸ್ತು ಎಂದು ತೋರಿಸಿದರು. ಅಷ್ಟು ದೂರದಿಂದಲೂ ಕಾಣುವುದೆಂದರೆ ಅದು ತನ್ನ ಗೆಲಾಕ್ಸಿಯ ಎಲ್ಲ ನಕ್ಷತ್ರಗಳನ್ನೂ ಮಂಕುಗೊಳಿಸುವಷ್ಟು ಪ್ರಖರವಾಗಿರಬೇಕು. ಇವೇ ಕ್ವೇಸಾರ್‌ಗಳು.

ಇವುಗಳ ಪ್ರಕಾಶ ಕೆಲವೇ ವಾರಗಳಲ್ಲಿ, ಒಮ್ಮೊಮ್ಮೆ ದಿನಗಳಲ್ಲೇ ಏರಿಳಿಯುತ್ತದೆ. ಇದರಿಂದ ಗಾತ್ರ ತಿಳಿಯುವ ಬಗೆ ಸೊಗಸಾಗಿದೆ. ದೀಪೋತ್ಸವದ ಒಂದು ಉದ್ದನೆಯ ಸಾಲನ್ನು ನೆನೆಯಿರಿ. ಪಕ್ಕದ ದೀಪ ಆರಿದ್ದನ್ನು ನೋಡಿ ಪ್ರತಿಯೊಬ್ಬರೂ ತಮ್ಮ ದೀಪ ಆರಿಸಬೇಕೆಂದು ಕಟ್ಟುಪಾಡು ಮಾಡಿದರೆ, ಸಾಲು ಉದ್ದವಾದಷ್ಟೂ ಪೂರ್ತಿ ಕತ್ತಲಾಗಲು ಹೊತ್ತು ಹಿಡಿಯುತ್ತದೆ. ವಿಶ್ವದಲ್ಲಿ ಸುದ್ದಿ ಮುಟ್ಟಿಸುವ ಅತಿ ವೇಗದ ಓಟಗಾರ ಬೆಳಕು. ಒಂದು ವಸ್ತು ಒಂದು ವಾರದಲ್ಲಿ ಒಟ್ಟಾರೆಯಾಗಿ ಮಂಕಾಗುವುದಾದರೆ, ಅದರ ಉದ್ದಗಲ ಬೆಳಕು ಒಂದು ವಾರದಲ್ಲಿ ಕ್ರಮಿಸುವ ದೂರಕ್ಕಿಂತ ಬಹಳ ಹೆಚ್ಚಿರಲಾರದು. ಲಕ್ಷ ಜ್ಯೋತಿರ್ವರ್ಷ ಅಗಲದ ಗೆಲಾಕ್ಸಿಯೊಳಗೆ ಒಂದು ಜ್ಯೋತಿರ್ವಾರದ ಒಲೆ!

ಒಲೆಗೆ ಸೌದೆ ಯಾವುದು? ಒಂದು ಕಿಲೋಗ್ರಾಂ ಜಲಜನಕ ಸೂರ್ಯನ ಗರ್ಭದಲ್ಲಿ ಹೀಲಿಯಂ ಆದಾಗ ಏಳು ಗ್ರಾಂ ದ್ರವ್ಯ ಮಾತ್ರ ಶಕ್ತಿಯಾಗುತ್ತದೆ. ಅದೇ ಒಂದು ಕಿಲೋಗ್ರಾಂ ಅನಿಲ ಕೃಷ್ಣವಿವರದತ್ತ ಬೀಳುವಾಗ ಸುಮಾರು ನೂರು ಗ್ರಾಂನಷ್ಟು ಶಕ್ತಿಯಾಗಿ ಹೊರಬರಬಲ್ಲದು. ಅನಿಲ ನೇರವಾಗಿ ಬೀಳುವುದಿಲ್ಲ. ಸುತ್ತುತ್ತ ಸುತ್ತುತ್ತ ತಟ್ಟೆಯಾಗಿ ಹರಡಿ, ತಿಕ್ಕಾಟದಿಂದ ಕಾದು, ಬೆಳಗಿ, ಆಮೇಲೆ ಒಳಗಿಳಿಯುತ್ತದೆ. ಕೃಷ್ಣವಿವರವನ್ನು ಸುತ್ತಲಿನ ಎಲ್ಲವನ್ನೂ ನುಂಗುವ ರಾಕ್ಷಸನೆಂದು ವರ್ಣಿಸುವುದುಂಟು. ನನಗೆ ಆ ವರ್ಣನೆ ಹಿಡಿಸುವುದಿಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕೃಷ್ಣವಿವರವನ್ನು ಇಟ್ಟರೂ ಭೂಮಿ ಈಗಿನಂತೆಯೇ ಸುತ್ತುತ್ತಿರುತ್ತದೆ, ಚಳಿಯಲ್ಲಿ ನಡುಗುತ್ತ. ತಾನಾಗಿ ಹತ್ತಿರ ಬಂದ ಅನಿಲವಷ್ಟೇ ಅದರ ಆಹಾರ. ನಮ್ಮ ಆಕಾಶಗಂಗೆಯ ಕೇಂದ್ರದಲ್ಲೂ ಸುಮಾರು 43 ಲಕ್ಷ ಸೂರ್ಯರ ತೂಕದ ಕೃಷ್ಣವಿವರವಿದೆ. ಆಹಾರವಿಲ್ಲದೆ ಸದ್ಯ ತಣ್ಣಗಿದೆ, ಅಷ್ಟೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಕೃಷ್ಣವಿವರ ಗಣಿತದ ಕಲ್ಪನೆಯೋ ನಿಜ ವಸ್ತುವೋ ಎಂಬ ಸಂಶಯ ಇನ್ನೂ ಇದ್ದ ಕಾಲದಲ್ಲಿ, ಕದಡಿದರೂ ಅದು ಚೆದರದೆ ಗಂಟೆಯಂತೆ ಮಿಡಿದು ಮತ್ತೆ ಶಾಂತವಾಗುತ್ತದೆಂದು 1970ರಲ್ಲಿ ಲೆಕ್ಕಹಾಕಿ ತೋರಿಸಿದವರು ಬೆಂಗಳೂರಿನವರೇ ಆದ ಸಿ. ವಿ. ವಿಶ್ವೇಶ್ವರ. ಮುಂದೆ ನಗರದ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾದವರೂ ಅವರೇ.

ಇಷ್ಟು ದೂರದ ಒಲೆಯ ಸುತ್ತಮುತ್ತಲನ್ನು ಅಳೆಯುವುದು ಹೇಗೆ? ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಎಂದು ಎಣಿಸಿ, ಗುಡುಗು ಕೇಳಿದಾಗ ನಿಲ್ಲಿಸಿ, ಸಿಡಿಲು ಎಷ್ಟು ದೂರವೆಂದು ಹೇಳುವ ಆಟವನ್ನು ನೀವು ಆಡಿರುತ್ತೀರಿ. ಖಗೋಳಜ್ಞರೂ ಅದನ್ನೇ ಆಡುತ್ತಾರೆ. ಕೇಂದ್ರದ ತಟ್ಟೆ ಒಮ್ಮೆ ಪ್ರಖರವಾದರೆ, ಆ ಬೆಳಕು ಹೊರಗಿನ ಧೂಳಿನ ಉಂಗುರವನ್ನು ತಲುಪಿ, ಅದನ್ನು ಕಾಯಿಸಿ, ಧೂಳು ಅವಕೆಂಪು ಬೆಳಕಿನಲ್ಲಿ ಹೊಳೆಯಲು ಸ್ವಲ್ಪ ಕಾಲ ಬೇಕು. ಆ ವಿಳಂಬವೇ ದೂರದ ಅಳತೆ.

ಖಭೌತ ಸಂಸ್ಥೆಯ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿದೆ. ಅದನ್ನು ನಡೆಸುವ ಕೊಠಡಿ ಇರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ! ಉಪಗ್ರಹದ ಮೂಲಕ ಇಲ್ಲಿಂದ ಆದೇಶ ಹೋಗುತ್ತದೆ, ಅಲ್ಲಿಂದ ಚಿತ್ರ ಬರುತ್ತದೆ. 2016ರ ಅಕ್ಟೋಬರಿನಿಂದ 2017ರ ಏಪ್ರಿಲ್‌ವರೆಗೆ 35 ಬಾರಿ ಈ ದೂರದರ್ಶಕವನ್ನು ಎಚ್0507+164 ಎಂಬ ಒಂದೇ ಸೀಫರ್ಟ್ ಗೆಲಾಕ್ಸಿಯ ಕಡೆಗೆ ತಿರುಗಿಸಿ, ಕಣ್ಣಿಗೆ ಕಾಣುವ ಬೆಳಕಿಗೂ ಅವಕೆಂಪಿಗೂ ನಡುವಿನ ವಿಳಂಬವನ್ನು ಸಂಶೋಧಕರು ಕಂಡುಹಿಡಿದರು. ಅದು ಸುಮಾರು 35 ದಿನ. ಹತ್ತು ದಿನ ಆಚೀಚೆ ಇರಬಹುದು. ಏಳು ತಿಂಗಳ ದುಡಿಮೆಗೆ ದೊರೆತದ್ದು ಒಂದು ಸಂಖ್ಯೆ, ಅದೂ ಸಂಶಯದ ಅಂಚಿನೊಡನೆ. ಪರೀಕ್ಷೆಯಲ್ಲಿ ಉತ್ತರದ ಕೆಳಗೆ ಎರಡು ಗೆರೆ ಎಳೆದು ಅಭ್ಯಾಸವಾದವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಆ ಅಂಚನ್ನು ಹೇಳದ ಸಂಖ್ಯೆಗೆ ಈ ವಿಜ್ಞಾನದಲ್ಲಿ ಬೆಲೆಯಿಲ್ಲ. ಧೂಳಿನ ಬದಲು ಅದಕ್ಕೂ ಒಳಗೆ ಸುತ್ತುವ ಅನಿಲದ ಮೋಡಗಳ ವಿಳಂಬವನ್ನು ಅಳೆದು, ಅವುಗಳ ವೇಗವನ್ನೂ ಸೇರಿಸಿಕೊಂಡರೆ ಕೃಷ್ಣವಿವರದ ತೂಕವೇ ಸಿಗುತ್ತದೆ.

ಹೀಗೂ ಬೇರೆ ಬಗೆಗಳಲ್ಲೂ ತೂಗುತ್ತ ಹೋದಾಗ ಒಂದು ಆಶ್ಚರ್ಯ ಎದುರಾಯಿತು. ಗೆಲಾಕ್ಸಿಯ ನಡುವಿನ ಉಬ್ಬಿನಲ್ಲಿ ನಕ್ಷತ್ರಗಳು ಎಷ್ಟು ವೇಗವಾಗಿ ಓಡಾಡುತ್ತವೋ ಅದಕ್ಕೂ ಕೃಷ್ಣವಿವರದ ತೂಕಕ್ಕೂ ಬಿಗಿಯಾದ ನಂಟಿದೆಯೆಂದು 2000ನೆಯ ಇಸವಿಯಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು. ದೊಡ್ಡ ಉಬ್ಬಿಗೆ ದೊಡ್ಡ ಕೃಷ್ಣವಿವರ, ಚಿಕ್ಕದಕ್ಕೆ ಚಿಕ್ಕದು. ಸ್ಥೂಲವಾಗಿ ಸಾವಿರಕ್ಕೆ ಒಂದೆರಡು ಪಾಲು. ಆದರೆ ಉಬ್ಬಿನ ಅಂಚಿನ ನಕ್ಷತ್ರಗಳಿಗೆ ಕೃಷ್ಣವಿವರದ ಸೆಳೆತ ತಟ್ಟುವುದೇ ಇಲ್ಲವೆನ್ನಬಹುದು. ಪರಸ್ಪರ ಪರಿಚಯವೇ ಇಲ್ಲದ ಇಬ್ಬರು ಒಂದೇ ಅಳತೆಯಲ್ಲಿ ಬೆಳೆದದ್ದು ಹೇಗೆ?

ಸೆಳೆತ ತಟ್ಟದಿದ್ದರೇನು, ಒಲೆಯ ಬಿಸಿ ತಟ್ಟುತ್ತದೆ. ಕೃಷ್ಣವಿವರ ತಾನು ಬೆಳೆಯುವಾಗ ಹೊರಸೂಸುವ ಒಟ್ಟು ಶಕ್ತಿ, ಗೆಲಾಕ್ಸಿಯ ಅನಿಲವನ್ನೆಲ್ಲ ಕಿತ್ತೆಸೆಯಲು ಬೇಕಾದ ಶಕ್ತಿಗಿಂತ ಹತ್ತಾರು ಪಟ್ಟು ಹೆಚ್ಚು. ಅದರಲ್ಲಿ ಅಲ್ಪಭಾಗ ಅನಿಲಕ್ಕೆ ತಗುಲಿದರೂ ಸಾಕು. ನಕ್ಷತ್ರಗಳು ಹುಟ್ಟುವುದು ತಣ್ಣನೆಯ ಅನಿಲದಿಂದ. ಅದನ್ನು ಕಾಯಿಸಿದರೆ ಅಥವಾ ಆಚೆ ನೂಕಿದರೆ ಹುಟ್ಟು ನಿಲ್ಲುತ್ತದೆ. ಕೃಷ್ಣವಿವರದ ಊಟವೂ ನಿಲ್ಲುತ್ತದೆ. ನೆತ್ತಿಯ ಮೇಲಿನ ಎಂ-87ರಲ್ಲೇ ಇದಕ್ಕೆ ಸಾಕ್ಷ್ಯವಿದೆ. ಅದರ ಸುತ್ತ ಕೋಟಿ ಡಿಗ್ರಿಗೂ ಮೀರಿ ಕಾದ ಅನಿಲ ಕ್ಷ-ಕಿರಣ ಸೂಸುತ್ತ ತಣಿಯುತ್ತಿದೆ. ತಣಿದು ಒಳಗಿಳಿದು ಧಾರಾಳವಾಗಿ ನಕ್ಷತ್ರಗಳಾಗಬೇಕಿತ್ತು, ಆಗುತ್ತಿಲ್ಲ. ನಮ್ಮ ಚಂದ್ರಶೇಖರರ ಹೆಸರು ಹೊತ್ತ, 1999ರಲ್ಲಿ ಹಾರಿದ ಚಂದ್ರ ಕ್ಷ-ಕಿರಣ ದೂರದರ್ಶಕ ಆ ಅನಿಲದೊಳಗೆ ಗುಳ್ಳೆಗಳನ್ನೂ ಅಲೆಗಳನ್ನೂ ಕಂಡಿತು. ಚಿಲುಮೆ ಆಗಾಗ ಉಕ್ಕಿ ಅನಿಲವನ್ನು ಕಲಕಿ ಕಾಯಿಸುತ್ತಿದೆ.

ಬೆಂಗಳೂರಿನ ಸಂಸ್ಥೆಯಿಂದ 2025ರಲ್ಲಿ ಹೊರಬಂದ ಒಂದು ಅಧ್ಯಯನ 500ಕ್ಕೂ ಹೆಚ್ಚು ಕ್ರಿಯಾಶೀಲ ಗೆಲಾಕ್ಸಿಗಳನ್ನು ಒಟ್ಟಿಗೆ ಪರಿಶೀಲಿಸಿತು. ರೇಡಿಯೋ ಅಲೆ ಸೂಸುವ ಕೇಂದ್ರಗಳಲ್ಲಿ ಬಿಸಿ ಅನಿಲ ಹೊರಕ್ಕೆ ರಭಸದಿಂದ ಹರಿಯುವುದು ಉಳಿದವುಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ಸಾಮಾನ್ಯವೆಂದು ಕಂಡಿತು. ಕೆಲವು ಕಡೆ ಹರಿವಿನ ವೇಗ ಸೆಕೆಂಡಿಗೆ 2000 ಕಿಲೋಮೀಟರಿನವರೆಗೆ ಇದೆ. ಬೆಂಗಳೂರಿನಿಂದ ದೆಹಲಿಗೆ ಒಂದು ಸೆಕೆಂಡು!

ಹಾಗಾದರೆ ಕೃಷ್ಣವಿವರ ನಕ್ಷತ್ರಗಳ ಹುಟ್ಟಿಗೆ ಶತ್ರುವೆಂದು ಬರೆದುಕೊಂಡು ಪುಸ್ತಕ ಮುಚ್ಚಬಹುದೇ? ದಕ್ಷಿಣಾಕಾಶದ ಸೆಂಟಾರಸ್-ಎ ಹಾಗೆ ಮಾಡಲು ಬಿಡುವುದಿಲ್ಲ. ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಇದು ನಮಗೆ ತೀರ ಹತ್ತಿರದ ಕ್ರಿಯಾಶೀಲ ಗೆಲಾಕ್ಸಿಗಳಲ್ಲೊಂದು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ಸಿದ್ಧವಾದ ಅತಿನೇರಳೆ ದೂರದರ್ಶಕವಿದೆ. ಅತಿನೇರಳೆ ಕಿರಣವನ್ನು ಧಾರಾಳವಾಗಿ ಸೂಸುವುದು ಭಾರವಾದ ಎಳೆಯ ನಕ್ಷತ್ರಗಳು. ಅವು ಬೇಗ ಉರಿದು ಮುಗಿಯುವುದರಿಂದ ಅವು ಕಂಡಲ್ಲಿ ಹೆರಿಗೆಮನೆ ಪಕ್ಕದಲ್ಲೇ ಇರಬೇಕು. ಈ ಕಣ್ಣಿನಿಂದ ಸೆಂಟಾರಸ್-ಎಯ ಉತ್ತರ ಭಾಗವನ್ನು ನೋಡಿದ ಬೆಂಗಳೂರಿನ ಸಂಶೋಧಕರು ಅಲ್ಲಿ ಅತಿನೇರಳೆಯ 352 ಆಕರಗಳನ್ನು ಗುರುತಿಸಿ 2022ರಲ್ಲಿ ಪ್ರಕಟಿಸಿದರು. ಅವು ಎಲ್ಲೆಂದರಲ್ಲಿ ಚೆಲ್ಲಿರಲಿಲ್ಲ; ಬಹುಮಟ್ಟಿಗೆ ಚಿಲುಮೆಯ ದಿಕ್ಕಿನಲ್ಲೇ ಹರಡಿದ್ದವು. ಚಿಲುಮೆ ದಾರಿಯಲ್ಲಿ ಸಿಕ್ಕ ಅನಿಲವನ್ನು ಒತ್ತಿ ಗಟ್ಟಿಮಾಡಿ ನಕ್ಷತ್ರಗಳ ಹುಟ್ಟಿಗೆ ನೆರವಾಗಿದೆ ಎಂಬುದು ಅವರ ನಿರ್ಣಯ. ಊದಿದರೆ ದೀಪ ಆರುತ್ತದೆ, ಕೆಂಡ ಉರಿಯುತ್ತದೆ. ಇಲ್ಲಿಯೂ ಅನಿಲ ಎಷ್ಟು ದಟ್ಟ, ಊದುವ ರಭಸವೆಷ್ಟು, ಎಷ್ಟು ದೂರದಿಂದ ಎಂಬುದರ ಮೇಲೆ ಫಲ ನಿಂತಿರುವಂತಿದೆ. ಒಂದೇ ಗೆಲಾಕ್ಸಿಯಲ್ಲಿ ಎರಡೂ ನಡೆಯಬಾರದೆಂದೇನೂ ಇಲ್ಲ.

ಮೊದಲು ಬಂದದ್ದು ಯಾವುದು ಎಂಬ ಪ್ರಶ್ನೆಯೂ ಬಗೆಹರಿದಿಲ್ಲ. ಗೆಲಾಕ್ಸಿ ಬೆಳೆದಂತೆ ಕೃಷ್ಣವಿವರವೂ ನಿಧಾನವಾಗಿ ಬೆಳೆಯಿತೆಂದು ಬಹುಕಾಲ ಭಾವಿಸಲಾಗಿತ್ತು. 2023ರ ನವೆಂಬರಿನಲ್ಲಿ ವೆಬ್ ಮತ್ತು ಚಂದ್ರ ದೂರದರ್ಶಕಗಳು ಸೇರಿ ಯುಎಚ್‌ಝಡ್-1 ಎಂಬ ಗೆಲಾಕ್ಸಿಯಲ್ಲಿ ಬೆಳೆಯುತ್ತಿರುವ ಕೃಷ್ಣವಿವರವೊಂದನ್ನು ಕಂಡ ಸುದ್ದಿ ಬಂತು. ವಿಶ್ವಕ್ಕೆ ಇನ್ನೂ ಸುಮಾರು 47 ಕೋಟಿ ವರ್ಷ ವಯಸ್ಸಾಗಿದ್ದಾಗಿನ ದೃಶ್ಯ ಅದು. ಅಲ್ಲಿ ಕೃಷ್ಣವಿವರದ ತೂಕ ಸಾವಿರಕ್ಕೊಂದು ಪಾಲಲ್ಲ. ಹೆಚ್ಚುಕಡಿಮೆ ಆ ಗೆಲಾಕ್ಸಿಯ ಎಲ್ಲ ನಕ್ಷತ್ರಗಳ ತೂಕಕ್ಕೆ ಸಮ. ಊರು ಕಟ್ಟುವ ಮೊದಲೇ ರಾಗಿಕಾಳು ಬಂದು ಕುಳಿತಿತ್ತೇ? ಹಾಗಿದ್ದರೆ ಅದನ್ನು ಅಷ್ಟು ಬೇಗ ಅಷ್ಟು ದೊಡ್ಡದಾಗಿ ಮಾಡಿದ್ದೇನು? ದೈತ್ಯ ಅನಿಲಮೋಡವೊಂದು ನಕ್ಷತ್ರವಾಗದೆ ನೇರವಾಗಿ ಕುಸಿದಿರಬಹುದೆಂಬುದು ಒಂದು ಊಹೆ.

ಎಂ-87ನ್ನು ನೋಡಬಯಸುವವರಿಗೆ ಪುಟ್ಟೇನಹಳ್ಳಿಯ ತಾರಸಿ ಸಾಲದು. ನಗರದ ಬೆಳಕು ಅದನ್ನು ತೊಳೆದುಬಿಡುತ್ತದೆ. ಮೇ ತಿಂಗಳ ಅಮಾವಾಸ್ಯೆಯ ಆಸುಪಾಸಿನಲ್ಲಿ ನಗರದಿಂದ ದೂರ ಹೋಗಿ, ಮೋಡವಿಲ್ಲದ ರಾತ್ರಿ ಹತ್ತು ಸೆಂಟಿಮೀಟರಿನ ಚಿಕ್ಕ ದೂರದರ್ಶಕವನ್ನು ಉತ್ತರೆ ನಕ್ಷತ್ರದಿಂದ ಪೂರ್ವಕ್ಕೆ ಹತ್ತು ಡಿಗ್ರಿಯಷ್ಟು, ಎಂದರೆ ಚಾಚಿದ ಕೈಯ ಒಂದು ಮುಷ್ಟಿಯಷ್ಟು ಸರಿಸಿ, ತುಸು ದಕ್ಷಿಣಕ್ಕೆ ಇಳಿಸಿ. ಅಂಚಿಲ್ಲದ, ದುಂಡಗಿನ, ಬಣ್ಣವಿಲ್ಲದ ಒಂದು ಮಂಜಿನ ಚುಕ್ಕೆ ಸಿಕ್ಕಿದರೆ ಅದೇ ಇರಬಹುದು. ಸುತ್ತಮುತ್ತ ಅಂಥ ಚುಕ್ಕೆಗಳು ಇನ್ನೂ ಹಲವಿವೆ. ನಕ್ಷೆಯೊಂದಿಗೆ ಹೋಲಿಸಿ ಖಚಿತಪಡಿಸಿಕೊಳ್ಳಿ. ಚಿಲುಮೆ ಮಾತ್ರ ಇಂಥ ದೂರದರ್ಶಕಕ್ಕೆ ಕಾಣದು.