ಬಾವಿ ಅಳೆಯುವ ಮೊದಲು ಬಾಗಿಲು ತಟ್ಟಿ



ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳ್ತದೆ. ಆದರೂ ಏಪ್ರಿಲ್ ಬಂತೆಂದರೆ ಎಷ್ಟೋ ಬಾವಿಗಳ ತಳ ಕಾಣ್ತದೆ. ಯಾಕೆ? ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಮ್ಮ ಮುರಕಲ್ಲಿನಲ್ಲಿ ತೂತುಗಳು ಹೆಚ್ಚು. ನೀರು ಬೇಗ ಇಂಗುತ್ತದೆ, ತಗ್ಗಿನ ಕಡೆಗೆ ಬೇಗ ಹರಿದೂ ಹೋಗುತ್ತದೆ.

ಯಾವ ಬಾವಿಯ ನೀರು ಯಾವಾಗ ಎಷ್ಟು ಇಳಿಯುತ್ತದೆ ಎಂದು ತಿಳಿಯಲು ನಮ್ಮ ವಿಜ್ಞಾನ ಕ್ಲಬ್ಬಿನ ಮಕ್ಕಳು ಸ್ವಯಂಸೇವಕ ತಂಡ ಕಟ್ಟಿದರು. ತಂಡ ಕಟ್ಟಿದ್ದು ಸುಲಭ. ಊರನ್ನು ಜೊತೆಗೆ ಸೇರಿಸಿಕೊಳ್ಳುವುದನ್ನು ಕಲಿತದ್ದು ಎಡವಿದ ಮೇಲೆ.

ಎಡವಿದ್ದು ಎಲ್ಲಿ?

ಮೊದಲ ವರ್ಷ ನಾನೇ ಪಟ್ಟಿ ಮಾಡಿ, ಗುಂಡು ಕಟ್ಟಿದ ಒಂದು ಹಗ್ಗ ಕೊಟ್ಟು ಮಕ್ಕಳನ್ನು ಹನ್ನೆರಡು ಮನೆಗೆ ಕಳಿಸಿದೆ.

1. ಶಾಲೆ ಬಿಟ್ಟ ಮೇಲೆ ಅಳೆದೆವು. ಅಂಕಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಒಬ್ಬ ಅಜ್ಜಿ ನಕ್ಕರು: "ತೋಟಕ್ಕೆ ಪಂಪು ಬಿಟ್ಟಾದ ಮೇಲೆ ಅಳೆದ್ರೆ ಎಂತ ಗೊತ್ತಾಗ್ತದೆ ಮಕ್ಕಳೇ? ಬೆಳಿಗ್ಗೆ ಬನ್ನಿ." ನಿಜ. ರಾತ್ರಿ ಒರತೆಯ ನೀರು ಸೇರಿದ ಮೇಲೆಯೇ ಸರಿಯಾದ ಮಟ್ಟ ಸಿಗುವುದು.

2. ಒಂದೇ ಹಗ್ಗವನ್ನು ಎಲ್ಲ ಬಾವಿಗಳಿಗೂ ಇಳಿಸಿದೆವು. ಒಂದು ಮನೆಯವರು "ಇನ್ನು ಬರಬೇಡಿ" ಎಂದರು. ಅವರದ್ದೇ ಸರಿ. ಒಂದು ಬಾವಿಯ ರೋಗಾಣು ಹಗ್ಗದ ಮೂಲಕ ಇನ್ನೊಂದಕ್ಕೆ ದಾಟಬಹುದು.

3. ಬೇಸಿಗೆ ರಜೆ ಬಂತು, ಅಳತೆ ನಿಂತಿತು. ಬಾವಿ ಬತ್ತುವುದೇ ಆ ಎರಡು ತಿಂಗಳಲ್ಲಿ!

ಮರುವರ್ಷ ಏನು ಮಾಡಿದೆವು?

ಯೋಜನೆ ಬರೆಯುವ ಮೊದಲು ಊರವರಲ್ಲಿ ಕೇಳಿದೆವು: "ನಿಮಗೆ ಏನು ತಿಳಿಯಬೇಕು?" ವಾರ್ಡ್ ಸದಸ್ಯರಿಗೆ, ಟ್ಯಾಂಕರ್ ನೀರು ಯಾವ ಮನೆಗೆ ಮೊದಲು ಬೇಕಾದೀತು ಎಂದು ತಿಳಿಯಬೇಕಿತ್ತು. ಬಾವಿ ತೋಡುವವರು ಎಲ್ಲೆಲ್ಲಿ ಎಷ್ಟು ಆಳಕ್ಕೆ ಪಾರೆ ಸಿಕ್ಕಿತೆಂದು ಬಾಯಲ್ಲೇ ನಕ್ಷೆ ಬಿಡಿಸಿದರು. ರಜೆಯ ಅಳತೆಯನ್ನು ಕುಟುಂಬಶ್ರೀಯ ಅಮ್ಮಂದಿರು ವಹಿಸಿಕೊಂಡರು.

ಹಗ್ಗದ ಸಮಸ್ಯೆಗೂ ದಾರಿ ಸಿಕ್ಕಿತು. ಆಯಾ ಮನೆಯ ಕೊಡಪಾನವನ್ನೇ ನೀರು ಮುಟ್ಟುವ ತನಕ ಇಳಿಸುವುದು, ಬಾವಿಕಟ್ಟೆಯ ಬಳಿ ಹಗ್ಗಕ್ಕೆ ಗುರುತು ಹಾಕಿ ಟೇಪಿನಲ್ಲಿ ಅಳೆಯುವುದು. ಹಗ್ಗ ಇಳಿಸುವುದು ಮನೆಯ ಹಿರಿಯರೇ; ಮಕ್ಕಳು ಬಾವಿಗೆ ಬಗ್ಗುವಂತಿಲ್ಲ.

ಪ್ರತಿ ತಿಂಗಳ ಅಂಕಿಗಳನ್ನು ಗ್ರಂಥಾಲಯದ ಹಲಗೆಯಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಬರೆದೆವು. ಬರೇ ಮೀಟರ್ ಅಲ್ಲ, ಲೀಟರ್ ಕೂಡ. 3 ಮೀಟರ್ ಅಗಲದ ದುಂಡು ಬಾವಿಯಲ್ಲಿ 1 ಮೀಟರ್ ನೀರೆಂದರೆ 3.14 × 1.5 × 1.5 × 1 = ಸುಮಾರು 7 ಘನ ಮೀಟರ್, ಅಂದರೆ 7000 ಲೀಟರ್. ದಿನಕ್ಕೆ 500 ಲೀಟರ್ ಬಳಸುವ ಮನೆಗೆ, ಒರತೆ ನಿಂತರೆ, 14 ದಿನದ ನೀರು. ಈ ಲೆಕ್ಕ ಓದಿದ ಮೇಲೆ "ಬರಬೇಡಿ" ಎಂದ ಮನೆಯವರೇ ಕರೆದರು.

ನೀವೂ ಮಾಡಿ

ನಿಮ್ಮ ಊರು ಜತ್ತವಿರಲಿ, ತಾಳವಾಡಿ ಇರಲಿ, ನೀರಿನ ಬಗ್ಗೆ ನಿಮಗಿಂತ ಹೆಚ್ಚು ಬಲ್ಲವರು ಅಲ್ಲಿದ್ದಾರೆ. ಅಂಥ ಐವರ ಪಟ್ಟಿ ಮಾಡಿ. ಪ್ರತಿಯೊಬ್ಬರಲ್ಲೂ ಎರಡು ಪ್ರಶ್ನೆ ಕೇಳಿ: ನಿಮಗೆ ಏನು ಗೊತ್ತು? ನಿಮಗೆ ಏನು ತಿಳಿಯಬೇಕು? ಹಗ್ಗ, ಟೇಪು ಆಮೇಲೆ.