ಸ್ತನ ಕ್ಯಾನ್ಸರ್ ಗೆದ್ದ 24 ಮಹಿಳೆಯರು ದೋಣಿ ಹತ್ತಿದ್ದು ಯಾಕೆ?

ಸ್ತನ ಕ್ಯಾನ್ಸರ್ ಆಪರೇಷನ್ ಮುಗಿಸಿ ಮನೆಗೆ ಬಂದ ಹೆಂಗಸಿಗೆ ಎಲ್ಲರೂ ಹೇಳೋದು ಒಂದೇ ಮಾತು: 'ಆ ಕೈಯಲ್ಲಿ ಏನೂ ಎತ್ತಬೇಡ, ಸುಮ್ನೆ ಕೂತ್ಕೋ.' ಹಿಂದೆ ಡಾಕ್ಟರ್‌ಗಳೂ ಹೀಗೇ ಹೇಳುತ್ತಿದ್ದರು. ಈ ಮಾತು ಎಷ್ಟು ಸರಿ ಅಂತ 1996ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಪರೀಕ್ಷೆ ನಡೆಯಿತು. ಅದು ನಡೆದದ್ದು ದೋಣಿಯಲ್ಲಿ!

ಭಯ ಯಾಕಿತ್ತು?

ಈ ಆಪರೇಷನ್‌ನಲ್ಲಿ ಎಷ್ಟೋ ಸಲ ಕಂಕುಳಿನ ದುಗ್ಧರಸ ಗ್ರಂಥಿಗಳನ್ನೂ ತೆಗೆಯುತ್ತಾರೆ. ಆಮೇಲೆ ಕೈಯಲ್ಲಿ ದ್ರವ ಸರಿಯಾಗಿ ಹರಿಯದೆ ಊತ ಬರಬಹುದು. ಇದಕ್ಕೆ ಲಿಂಫೆಡಿಮಾ ಅಂತಾರೆ. ಕೈಗೆ ಜೋರು ಕೆಲಸ ಕೊಟ್ಟರೆ ಈ ಊತ ಬಂದೇ ಬರುತ್ತೆ ಅನ್ನೋದು ಆಗಿನ ನಂಬಿಕೆ.

ಪರೀಕ್ಷೆ ಹೇಗೆ ನಡೆಯಿತು?

ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರೀಡಾ ವೈದ್ಯ ಡಾ. ಡಾನ್ ಮೆಕೆಂಜಿ, ಚಿಕಿತ್ಸೆ ಮುಗಿದಿದ್ದ 24 ಮಹಿಳೆಯರ ತಂಡ ಕಟ್ಟಿದರು. ಮೊದಲು ಜಿಮ್‌ನಲ್ಲಿ ತಯಾರಿ, ಆಮೇಲೆ ಡ್ರ್ಯಾಗನ್ ಬೋಟ್. ಚೀನಾ ಮೂಲದ ಈ ಉದ್ದನೆ ದೋಣಿಯಲ್ಲಿ 20 ಮಂದಿ ಇಬ್ಬಿಬ್ಬರಾಗಿ ಕೂತು ಹುಟ್ಟು ಹಾಕ್ತಾರೆ. ಮುಂದೆ ಒಬ್ಬರು ಡ್ರಮ್ ಬಾರಿಸ್ತಾರೆ, ಹಿಂದೆ ಒಬ್ಬರು ದಿಕ್ಕು ನೋಡ್ಕೊಳ್ತಾರೆ. ಕೈ, ಭುಜಕ್ಕೆ ಭರ್ತಿ ಕೆಲಸ.

ಕೊನೆಗೆ ಯಾರಿಗೂ ಹೊಸದಾಗಿ ಊತ ಬರಲಿಲ್ಲ. ಈ ವಿವರ 1998ರಲ್ಲಿ ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮನಸ್ಸಿಗೆ ಏನಾಯಿತು?

ಚಿಕಿತ್ಸೆ ಮುಗಿದ ಮೇಲೆ ಮನೆಯವರು 'ಎಲ್ಲ ಸರಿಹೋಯ್ತಲ್ಲ' ಅಂತಾರೆ. ಆದರೆ ಕಾಯಿಲೆ ಮತ್ತೆ ಬರುತ್ತೇನೋ ಅನ್ನೋ ಭಯ, ಬದಲಾದ ದೇಹದ ಸಂಕೋಚ ಒಳಗೇ ಇರುತ್ತೆ. ದೋಣಿಯಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಪಕ್ಕದಲ್ಲಿ ಕೂತವರೂ ಅದೇ ದಾಟಿ ಬಂದವರು. ಮಾತಾಡಬೇಕು ಅನ್ನಿಸಿದರೆ ಮಾತು, ಇಲ್ಲದಿದ್ದರೆ ಹುಟ್ಟು ಹಾಕೋದು. ಒಬ್ಬರು ಬರದಿದ್ದರೂ ಒಂದು ಜಾಗ ಖಾಲಿ. ಹಾಗಾಗಿ ಅಲ್ಲಿ ಅವರು ಪೇಷೆಂಟ್ ಅಲ್ಲ, ತಂಡಕ್ಕೆ ಬೇಕಾದವರು.

ಪರೀಕ್ಷೆ ಮುಗಿದರೂ ತಂಡ ಮುಗಿಯಲಿಲ್ಲ. 'ಅಬ್ರೆಸ್ಟ್ ಇನ್ ಎ ಬೋಟ್' ಹೆಸರಲ್ಲಿ ಮುಂದುವರಿಯಿತು. ಬೇರೆ ದೇಶಗಳಲ್ಲೂ ಇಂಥ ತಂಡಗಳು ಹುಟ್ಟಿದವು. 2018ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಸಾವಿರಾರು ಮಹಿಳೆಯರು ಸೇರಿದ್ದರು. ಈ ಕೂಟಗಳಲ್ಲಿ ದೋಣಿಗಳನ್ನು ಹತ್ತಿರ ತಂದು, ತೀರಿಹೋದ ಗೆಳತಿಯರ ನೆನಪಿಗೆ ನೀರಿಗೆ ಗುಲಾಬಿ ಬಣ್ಣದ ಹೂ ಬಿಡ್ತಾರೆ.

ನಮ್ಮಲ್ಲಿ?

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣಿಸೋದು ಸ್ತನ ಕ್ಯಾನ್ಸರ್. ನಮ್ಮ ಬೀದಿಯಲ್ಲೂ ಅದನ್ನು ದಾಟಿ ಬಂದವರು ಇರಬಹುದು. ದೋಣಿಯೇ ಬೇಕು ಅಂತಿಲ್ಲ. ಗುಂಪಾಗಿ ನಡೆಯೋದು, ಯೋಗ, ಮುಂದೆ ಥ್ರೋಬಾಲ್ ಕೂಡ ಆಗಬಹುದು. ಆದರೆ ತಮ್ಮ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು, ನಿಧಾನಕ್ಕೆ ಹೆಚ್ಚಿಸಬೇಕು. ಕೈ ಭಾರ ಅನ್ನಿಸಿದರೆ, ಬಳೆ ಬಿಗಿಯಾದರೆ ತಡಮಾಡದೆ ತೋರಿಸಬೇಕು.

ಅಂಥವರು ಅಂಗಡಿಯಲ್ಲಿ ಸಿಕ್ಕಾಗ 'ಅಯ್ಯೋ ಪಾಪ' ಅನ್ನೋ ಬದಲು, 'ಬನ್ನಿ ಅಕ್ಕಾ, ಸಂಜೆ ಒಂದು ರೌಂಡ್ ನಡೆದು ಬರೋಣ' ಅಂತ ಕರೆಯಬಹುದಲ್ವಾ?