ಸಂಜೆಯ ತಾಲೀಮು, ಮನೆಯ ಲೆಕ್ಕ

ಕಂಪನಿ ನಾಟಕಗಳ ಕಾಲದಲ್ಲಿ ಎಷ್ಟೋ ಕಲಾವಿದರಿಗೆ ಸಂಸಾರವೂ ರಂಗವೂ ಒಂದೇ ಬಿಡಾರದಲ್ಲಿದ್ದವು. ಆದರೆ ಹವ್ಯಾಸಿ ರಂಗಭೂಮಿಯನ್ನು ಕಟ್ಟಿದವರು ಹೆಚ್ಚಾಗಿ ಉದ್ಯೋಗಸ್ಥರು. ಕೈಲಾಸಂ ಭೂಗರ್ಭ ಇಲಾಖೆಯಲ್ಲಿದ್ದರು, ಶ್ರೀರಂಗರು ಧಾರವಾಡದಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದರು, ಸಿಜಿಕೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು. ಹಗಲೆಲ್ಲ ನೌಕರಿಗೆ ಹೋದರೆ ನಾಟಕಕ್ಕೆ ಉಳಿಯುವುದು ಸಂಜೆ. ಮಕ್ಕಳ ಓದು, ಅಡುಗೆ, ವಯಸ್ಸಾದವರ ಔಷಧಿಗೂ ಬೇಕಾದದ್ದು ಅದೇ ಸಂಜೆ.

ಈ ಎಳೆದಾಟವನ್ನು ನಟ ನಟಿಯರೇ ಸಂಭಾಳಿಸಿಕೊಳ್ಳಬೇಕು ಎಂದು ತಂಡಗಳು ಸುಮ್ಮನಿದ್ದುಬಿಡುತ್ತವೆ. ಆದರೆ ಇದು ಬಹುಮಟ್ಟಿಗೆ ತೀರ್ಮಾನವಾಗುವುದು ತಂಡದ ವೇಳಾಪಟ್ಟಿಯಲ್ಲಿ.

ಲೆಕ್ಕ ಹಾಕಿ ನೋಡಿ. ವಾರಕ್ಕೆ ಐದು ಸಂಜೆ, ದಿನಕ್ಕೆ ಮೂರು ಗಂಟೆಯಂತೆ ಎಂಟು ವಾರಕ್ಕೆ 120 ಗಂಟೆ. ಹೋಗಿಬರಲು ದಿನಕ್ಕೊಂದು ಗಂಟೆ ಸೇರಿಸಿದರೆ 160. ಆದರೆ ಹದಿನಾಲ್ಕು ದೃಶ್ಯಗಳ ನಾಟಕದಲ್ಲಿ ನಾಲ್ಕೇ ದೃಶ್ಯಗಳಿಗೆ ಬರುವ ಕಲಾವಿದೆ ಅಷ್ಟೂ ಹೊತ್ತು ಅಲ್ಲಿ ಕೂರಬೇಕಿಲ್ಲ. ಇಡೀ ನಾಟಕದ ಓದು ಮುಗಿದ ವಾರವೇ ಒಂದು ದೊಡ್ಡ ಹಾಳೆ ತೆಗೆದುಕೊಂಡು ಅಡ್ಡಸಾಲಿನಲ್ಲಿ ದೃಶ್ಯಗಳನ್ನು, ಉದ್ದಸಾಲಿನಲ್ಲಿ ಪಾತ್ರಗಳನ್ನು ಬರೆದು, ಯಾರು ಎಲ್ಲಿ ಬರುತ್ತಾರೋ ಅಲ್ಲಿ ಗುರುತು ಹಾಕಬೇಕು. ರಾಣಿಯ ಪಾತ್ರಧಾರಿಗೆ 2, 5, 9, 13ನೇ ದೃಶ್ಯಗಳು ಎಂದಿಟ್ಟುಕೊಳ್ಳಿ. ಅವನ್ನು ಸೋಮವಾರ ಮತ್ತು ಗುರುವಾರಕ್ಕೆ ಜೋಡಿಸಿದರೆ ಮೊದಲ ಐದು ವಾರ ಅವರಿಗೆ ಮೂರು ಸಂಜೆ ಮನೆಯಲ್ಲೇ ಉಳಿಯುತ್ತವೆ. ಗುಂಪಿನ ದೃಶ್ಯಗಳನ್ನು ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳಬಹುದು. ಎಲ್ಲರೂ ದಿನವೂ ಬೇಕಾಗುವುದು ಕೊನೆಯ ಎರಡು ಮೂರು ವಾರ, ಇಡೀ ನಾಟಕವನ್ನು ಒಂದೇ ಸಮನೆ ಆಡಿನೋಡುವ ರನ್ ಥ್ರೂ ಶುರುವಾದ ಮೇಲೆ.

ಮಾತು ಬಾಯಿಪಾಠವಾಗಲು ತಾಲೀಮಿನ ಸಮಯ ಖರ್ಚು ಮಾಡಬಾರದು. ಎದುರು ಪಾತ್ರದ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ನಿಮ್ಮ ಮಾತಿನ ಜಾಗ ಖಾಲಿ ಬಿಡಿ. ಬಸ್ಸಿನಲ್ಲೋ ಮೆಟ್ರೋದಲ್ಲೋ ಕೇಳುತ್ತಾ ಆ ಜಾಗವನ್ನು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾ ಬಂದರೆ ಮಾತಿನ ಜೊತೆಗೆ ಕ್ಯೂ ಕೂಡ ಕೂತುಬಿಡುತ್ತದೆ.

ಪ್ರದರ್ಶನದ ದಿನಕ್ಕೆ ರಜೆ ಹಾಕಲೇಬೇಕು. ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ಸಂಜೆ 7.30ಕ್ಕೆ ಶುರುವಾದರೂ ಸೆಟ್, ಬೆಳಕು, ಧ್ವನಿ, ಪ್ರಸಾಧನ ಎಂದು ಹಗಲೆಲ್ಲ ಅಲ್ಲೇ ಕಳೆಯುತ್ತದೆ. ಮಕ್ಕಳನ್ನು ತಾಲೀಮಿಗೆ ಕರೆತರಬಹುದು, ಬರಲಿ ಎಂದೇ ನನ್ನ ಆಸೆ. ಏಣಿ, ವೈರು, ಮೊಳೆ ಹರಡಿಕೊಂಡಿರುವ ಸೆಟ್ ಕಟ್ಟುವ ದಿನ ಮಾತ್ರ ಬೇಡ.

ತಂಡಗಳು ಮರೆಯುವ ಇನ್ನೊಂದು ಖರ್ಚು ಮರುಪ್ರದರ್ಶನ. ಮೊದಲ ಪ್ರದರ್ಶನದೊಂದಿಗೆ ಕೆಲಸ ಮುಗಿಯಿತೆಂದು ಮನೆಯವರು ಅಂದುಕೊಂಡಿರುತ್ತಾರೆ. ಆರು ತಿಂಗಳ ನಂತರ ಬೇರೆ ಊರಿನಿಂದ ಕರೆ ಬಂದರೆ ಮತ್ತೆ ಒಂದು ವಾರ ತಾಲೀಮು, ಎರಡು ದಿನ ಪ್ರಯಾಣ. ಮುಖ್ಯ ಪಾತ್ರಗಳಿಗೆ ಬದಲಿ ಕಲಾವಿದರನ್ನು ಮೊದಲಿನಿಂದಲೇ ತಯಾರು ಮಾಡಿದ ತಂಡದಲ್ಲಿ ಮಗುವಿಗೆ ಜ್ವರ ಬಂದರೂ ನಾಟಕ ನಿಲ್ಲುವುದಿಲ್ಲ, ತಾಯಿಯೂ ಅಪರಾಧಿ ಭಾವದಿಂದ ನರಳಬೇಕಿಲ್ಲ. ಮದುವೆಯಾದ ಮೇಲೆ, ಹೆರಿಗೆಯಾದ ಮೇಲೆ ರಂಗ ಬಿಟ್ಟ ಎಷ್ಟು ಒಳ್ಳೆಯ ನಟಿಯರನ್ನು ನಾವು ಕಳೆದುಕೊಂಡಿದ್ದೇವೆ! ಅವರಲ್ಲಿ ಕೆಲವರಾದರೂ ವಾರಕ್ಕೆ ಎರಡು ಸಂಜೆಯ ವ್ಯವಸ್ಥೆ ಇದ್ದಿದ್ದರೆ ಉಳಿಯುತ್ತಿದ್ದರು.

ಈ ಲೆಕ್ಕವೆಲ್ಲ ಹವ್ಯಾಸಿ ತಂಡಗಳದ್ದು; 1985ರಲ್ಲಿ ಶುರುವಾದ ನೀನಾಸಂ ತಿರುಗಾಟದಂಥ ಸಂಚಾರಿ ತಂಡದ ದಾರಿ ಬೇರೆ. ಅದು ತಿಂಗಳುಗಟ್ಟಲೆ ಊರೂರು ಸುತ್ತುವ ಪೂರ್ಣಾವಧಿ ಕೆಲಸ. ಅಲ್ಲಿಗೆ ಹೋಗುವ ಮುಂಚೆ ಮನೆಯವರೊಂದಿಗೆ ಒಂದು ವರ್ಷದ ಮಾತುಕತೆಯೇ ಆಗಬೇಕು.

ಬರವಣಿಗೆ, ಸಂಗೀತ ಇದ್ದವರಿಗೆ ಇನ್ನೊಂದು ಮಾತು. ಮುಖ್ಯ ಪಾತ್ರ ಮತ್ತು ಕಾದಂಬರಿಯ ಮೊದಲ ಕರಡು ಒಟ್ಟಿಗೆ ಸಾಗುವುದಿಲ್ಲ. ಎರಡೂ ತಲೆಯೊಳಗೆ ಪೂರ್ತಿ ಜಾಗ ಕೇಳುತ್ತವೆ. ತಿದ್ದುವುದು, ಓದುವುದು, ಟಿಪ್ಪಣಿ ಮಾಡುವುದು ತಾಲೀಮಿನ ತಿಂಗಳಲ್ಲೂ ಸಾಧ್ಯ. ಬರೆಯಲೇಬೇಕಾದ ವರ್ಷ ಪಾತ್ರ ಬಿಟ್ಟು ವಸ್ತ್ರವಿನ್ಯಾಸವನ್ನೋ ಮೇಳವನ್ನೋ ವಹಿಸಿಕೊಳ್ಳಿ. ತಂಡದ ನಂಟೂ ಉಳಿಯುತ್ತದೆ.

ಮುಂದಿನ ನಾಟಕಕ್ಕೆ ಯಾರಾದರೂ ಕರೆದಾಗ ಪಾತ್ರ ಯಾವುದೆಂದು ಕೇಳಿದ ಮೇಲೆ ತಾಲೀಮಿನ ಪಟ್ಟಿಯನ್ನೂ ಕೇಳಿ. ನಿರ್ದೇಶಕರೇ, ದಯವಿಟ್ಟು ಅದನ್ನು ಬರೆದು ಕೊಡಿ.